ನಿಮ್ಮ ಊರಿನ ಪಿನ್ ಕೋಡ್ ಒಡೆಯುತ್ತದೆಯೇ? ದೊಡ್ಡ ಸಂಖ್ಯೆಯೊಂದರ ಗುಣ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಮಂಗಳೂರಿನ ಪಿನ್ ಕೋಡ್ 575001. ಉಡುಪಿಯದ್ದು 576101. ನೋಡಲಿಕ್ಕೆ ಅಕ್ಕಪಕ್ಕದ ಮನೆಯವರ ಹಾಗೆ ಉಂಟು. ಎರಡರ ನಡುವಿನ ವ್ಯತ್ಯಾಸ ಬರೀ 1100. ಆದರೆ ಒಂದು ಸುಲಭವಾಗಿ ಒಡೆದು ಚೂರಾಗುತ್ತದೆ, ಇನ್ನೊಂದು ಏನು ಮಾಡಿದರೂ ಒಡೆಯುವುದಿಲ್ಲ. ಒಡೆಯುವುದು ಅಂದರೆ ಚಿಕ್ಕ ಸಂಖ್ಯೆಗಳ ಗುಣಲಬ್ಧವಾಗಿ ಬಿಡಿಸುವುದು. ಯಾವುದು ಎಂದು ಮುಖ ನೋಡಿ ಹೇಳಲಾಗದು. ಕೇಳಿಯೇ ತಿಳಿಯಬೇಕು, ಅದೂ ಸರಿಯಾದ ಕ್ರಮದಲ್ಲಿ. ಆ ಕ್ರಮ ಯಾವುದು ಎನ್ನುವುದೇ ಈ ಬರಹ.

ಬೇಕಾದ್ದು ಕಾಗದ, ಪೆನ್ನು, ಹೈಸ್ಕೂಲಿನ ಗಣಿತ. ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಮೊದಲು ಸಂಖ್ಯೆ ಆರಿಸಿಕೊಳ್ಳಿ

ಪಿನ್ ಕೋಡ್ ಯಾಕೆ ಅಂದರೆ, ಅದು ಎಲ್ಲರ ಬಳಿಯೂ ಇರುವ ಆರು ಅಂಕಿಯ ಸಂಖ್ಯೆ. ಕೈಲೆಕ್ಕಕ್ಕೆ ಸಾಕಷ್ಟು ದೊಡ್ಡದು, ಸೋಲಿಸುವಷ್ಟು ದೊಡ್ಡದಲ್ಲ. ಯಾರಿಗೆ ತೋರಿಸಿದರೂ ತೊಂದರೆ ಇಲ್ಲ. ಆಧಾರ್ ಸಂಖ್ಯೆಯನ್ನೋ ಬ್ಯಾಂಕ್ ಖಾತೆಯ ಸಂಖ್ಯೆಯನ್ನೋ ಹಿಡಿದು ಈ ಆಟ ಆಡಲು ಹೋಗಬೇಡಿ.

ಪಿನ್ ಕೋಡ್ ಪದ್ಧತಿ ಬಂದದ್ದು 1972ರ ಆಗಸ್ಟ್ 15ರಂದು. ಮೊದಲ ಅಂಕಿ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. ಮೊದಲ ಮೂರು ಅಂಕಿ ಸೇರಿದರೆ ಟಪಾಲು ವಿಂಗಡಿಸುವ ಜಿಲ್ಲೆ: 575 ಮಂಗಳೂರು, 576 ಉಡುಪಿ. ಕೊನೆಯ ಮೂರು ಅಂಕಿ ಅಂಚೆ ಕಚೇರಿಯದ್ದು. ಅಂಚೆಯವರು ಈ ಸಂಖ್ಯೆಗಳನ್ನು ಕೊಡುವಾಗ ಗಣಿತದ ಗುಣ ನೋಡಿ ಕೊಟ್ಟದ್ದಲ್ಲ. ಅದಕ್ಕೇ ಇದರಲ್ಲಿ ಮಜಾ ಉಂಟು. ಸುಮ್ನೆ ಕೊಟ್ಟ ಸಂಖ್ಯೆಯೊಳಗೆ ಏನು ಅಡಗಿದೆ ಎಂದು ನಾವೇ ಹುಡುಕಬೇಕು.

ಇಲ್ಲಿ ನಾಲ್ಕನ್ನು ತೆಗೆದುಕೊಳ್ಳುತ್ತೇನೆ: ಮಂಗಳೂರಿನ 575001, ಕೊಡಿಯಾಲ್‌ಬೈಲಿನ 575003, ಸುರತ್ಕಲ್ ಎನ್‌ಐಟಿಕೆಯ 575025, ಉಡುಪಿಯ 576101.

ಹೆಜ್ಜೆ 1: ಕೊನೆಯ ಅಂಕಿಗಳು

ತೆಂಗಿನಕಾಯಿ ಒಡೆಯುವ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವಲ್ಲ, ಹಾಗೆ. ಮೊದಲು ಖರ್ಚಿಲ್ಲದ ಪರೀಕ್ಷೆ. ಕೊನೆಯ ಅಂಕಿ ಸಮವಾದರೆ 2ರಿಂದ ಭಾಗವಾಗುತ್ತದೆ. 0 ಅಥವಾ 5 ಆದರೆ 5ರಿಂದ. ಕೊನೆಯ ಎರಡು ಅಂಕಿ 25ರಿಂದ ಭಾಗವಾದರೆ ಇಡೀ ಸಂಖ್ಯೆಯೂ 25ರಿಂದ ಭಾಗವಾಗುತ್ತದೆ. ನಮ್ಮ ನಾಲ್ಕೂ ಬೆಸ ಸಂಖ್ಯೆಗಳು. ಸುರತ್ಕಲ್ ಮಾತ್ರ ಇಲ್ಲೇ ಸಿಕ್ಕಿಬಿದ್ದಿತು: 575025 = 25 × 23001.

ಇನ್ನೊಂದು ವಿಷಯ ಈಗಲೇ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕೊನೆಯ ಎರಡು ಅಂಕಿಯನ್ನು 4ರಿಂದ ಭಾಗಿಸಿದರೆ ಉಳಿಯುವ ಶೇಷ ಎಷ್ಟು? ಮಂಗಳೂರು, ಸುರತ್ಕಲ್, ಉಡುಪಿಗೆ 1. ಕೊಡಿಯಾಲ್‌ಬೈಲಿಗೆ 3.

ಹೆಜ್ಜೆ 2: ಅಂಕಿಗಳ ಮೊತ್ತ

ಅಂಕಿಗಳನ್ನು ಕೂಡಿಸಿ. ಮೊತ್ತ 3ರಿಂದ ಭಾಗವಾದರೆ ಸಂಖ್ಯೆಯೂ 3ರಿಂದ ಭಾಗವಾಗುತ್ತದೆ, 9ಕ್ಕೂ ಅದೇ ನಿಯಮ. ಕಾರಣ ಸರಳ. 10, 100, 1000 ಎಲ್ಲವೂ 9ರಿಂದ ಭಾಗಿಸಿದಾಗ ಶೇಷ 1 ಉಳಿಸುತ್ತವೆ. ಹಾಗಾಗಿ 5 ಲಕ್ಷವೂ ಶೇಷದ ಲೆಕ್ಕದಲ್ಲಿ ಬರೀ 5.

575001ರ ಮೊತ್ತ 18. ಅಂದರೆ ಮಂಗಳೂರು 9ರಿಂದ ಭಾಗವಾಗುತ್ತದೆ: 575001 = 9 × 63889. ಸುರತ್ಕಲ್‌ನ ಮೊತ್ತ 24, ಅದು 3ಕ್ಕೆ ಆಯಿತು, 9ಕ್ಕೆ ಇಲ್ಲ. ಕೊಡಿಯಾಲ್‌ಬೈಲಿಗೂ ಉಡುಪಿಗೂ ಮೊತ್ತ 20. ಎರಡೂ ಪಾರಾದವು.

ಹೆಜ್ಜೆ 3: ಮೂರು ಮೂರು ಅಂಕಿಯ ತುಂಡು

7ರ ಪರೀಕ್ಷೆಗೆ ಶಾಲೆಯಲ್ಲಿ ಸಾಮಾನ್ಯವಾಗಿ ಉದ್ದದ ಭಾಗಾಕಾರವನ್ನೇ ಮಾಡಿಸುತ್ತಾರೆ. ಇದಕ್ಕಿಂತ ಚಂದದ ದಾರಿ ಉಂಟು. 7 × 11 × 13 = 1001. ಇದು ಸಾವಿರಕ್ಕಿಂತ ಒಂದೇ ಒಂದು ಜಾಸ್ತಿ. ಹಾಗಾಗಿ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಯ ತುಂಡು ಮಾಡಿ, ಒಂದರಿಂದ ಇನ್ನೊಂದನ್ನು ಕಳೆದರೆ ಸಾಕು. ಉಳಿದದ್ದು 7ರಿಂದ ಭಾಗವಾದರೆ ಮೂಲ ಸಂಖ್ಯೆಯೂ 7ರಿಂದ ಭಾಗವಾಗುತ್ತದೆ. 11, 13ಕ್ಕೂ ಹಾಗೆಯೇ. ಒಂದೇ ವ್ಯವಕಲನದಲ್ಲಿ ಮೂರು ಉತ್ತರ.

ಒಂದು ಎಚ್ಚರಿಕೆ. ನಾವು ಅಲ್ಪವಿರಾಮ ಹಾಕುವುದು ಲಕ್ಷದ ಲೆಕ್ಕದಲ್ಲಿ, 5,75,001 ಅಂತ. ಇಲ್ಲಿ ಅದನ್ನು ಮರೆತು 575 ಮತ್ತು 001 ಎಂದೇ ತುಂಡು ಮಾಡಬೇಕು.

ಮಂಗಳೂರು: 575 − 1 = 574. ಇದು 7 × 82. ಅಂದರೆ 7ರಿಂದ ಭಾಗವಾಗುತ್ತದೆ, 11 ಮತ್ತು 13ರಿಂದ ಇಲ್ಲ.

ಕೊಡಿಯಾಲ್‌ಬೈಲು: 575 − 3 = 572. ಇದು 4 × 11 × 13. ಒಂದೇ ಏಟಿಗೆ ಎರಡು ಹಣ್ಣು ಉದುರಿದವು.

ಸುರತ್ಕಲ್: 575 − 25 = 550. ಇದರಲ್ಲಿ 11 ಇದೆ.

ಉಡುಪಿ: 576 − 101 = 475. ಏಳೂ ಇಲ್ಲ, ಹನ್ನೊಂದೂ ಇಲ್ಲ, ಹದಿಮೂರೂ ಇಲ್ಲ.

ಈ ಹಂತಕ್ಕೆ ಬರುವಾಗ ಮೂರು ಸಂಖ್ಯೆಗಳ ಗುಟ್ಟು ಹೆಚ್ಚುಕಡಿಮೆ ಹೊರಬಿದ್ದಿರುತ್ತದೆ:

575001 = 3 × 3 × 7 × 9127
575003 = 11 × 13 × 4021
575025 = 3 × 5 × 5 × 11 × 17 × 41

ಸುರತ್ಕಲ್‌ನಲ್ಲಿ ಕೊನೆಗೆ ಉಳಿಯುವ 697ನ್ನು 17 × 41 ಎಂದು ಬಿಡಿಸಲು 17ರ ಮಗ್ಗಿ ಬೇಕು, ಅಷ್ಟೇ. ಆದರೆ 9127, 4021 ಇನ್ನೂ ಒಡೆಯುತ್ತವೆಯೇ? ಉಡುಪಿಯ ಕತೆ ಏನು? ಕೈಬೆವರು ಬರುವ ಕೆಲಸ ಇಲ್ಲಿಂದ ಶುರು.

ಹೆಜ್ಜೆ 4: ವರ್ಗಮೂಲದ ಗಡಿ, ಮತ್ತು ತಾಳ್ಮೆ

ಒಂದು ಸಂಖ್ಯೆ ಎರಡು ಅಪವರ್ತನಗಳ ಗುಣಲಬ್ಧವಾಗಿದ್ದರೆ, ಎರಡೂ ಒಟ್ಟಿಗೆ ಅದರ ವರ್ಗಮೂಲಕ್ಕಿಂತ ದೊಡ್ಡದಾಗಿರಲು ಸಾಧ್ಯವಿಲ್ಲ. ಆದ್ದರಿಂದ ವರ್ಗಮೂಲದವರೆಗಿನ ಅವಿಭಾಜ್ಯ ಸಂಖ್ಯೆಗಳಿಂದ ಮಾತ್ರ ಭಾಗಿಸಿ ನೋಡಿದರೆ ಸಾಕು. ಭಾಜ್ಯ ಸಂಖ್ಯೆಗಳಿಂದ ಭಾಗಿಸುವುದು ವ್ಯರ್ಥ. 3ರಿಂದ ಆಗದ್ದು 9ರಿಂದ, 15ರಿಂದ ಆಗುವುದುಂಟೇ?

9127ಕ್ಕೆ ಗಡಿ 95. ಹತ್ತು ನಿಮಿಷದ ಕೆಲಸ. 73ರ ಹತ್ತಿರ ಬಂದಾಗ ಆಸೆ ಹುಟ್ಟುತ್ತದೆ, 73 × 125 = 9125. ಎರಡು ಉಳಿಯಿತು! 89ರವರೆಗೂ ಯಾವುದೂ ತಗಲುವುದಿಲ್ಲ. 9127 ಅವಿಭಾಜ್ಯ. 4021ಕ್ಕೆ ಗಡಿ 63, ಅದೂ ಅವಿಭಾಜ್ಯ. ಮಂಗಳೂರು, ಕೊಡಿಯಾಲ್‌ಬೈಲು ಇಲ್ಲಿಗೆ ಮುಗಿದವು.

ಉಡುಪಿಗೆ? 759ರ ವರ್ಗ 576081. ನಮ್ಮ ಸಂಖ್ಯೆಗಿಂತ ಬರೀ 20 ಕಡಿಮೆ. ಗಡಿ 759.

ಮೊದಲು 759ರವರೆಗಿನ ಅವಿಭಾಜ್ಯಗಳ ಪಟ್ಟಿ ಬೇಕು. ಗ್ರೀಕರ ಎರಟೋಸ್ತನೀಸ್ ಹೇಳಿಕೊಟ್ಟ ಜರಡಿ ಇದಕ್ಕೆ ಸಾಕು: 2ರಿಂದ 759ರವರೆಗೆ ಬರೆದು, 2, 3, 5, 7, 11, 13, 17, 19, 23ರ ಗುಣಕಗಳನ್ನು ಹೊಡೆದುಹಾಕಿ. 23ಕ್ಕೇ ನಿಲ್ಲಿಸಬಹುದು, ಯಾಕೆಂದರೆ ಮುಂದಿನ ಅವಿಭಾಜ್ಯವಾದ 29ರ ವರ್ಗ 841, ನಮ್ಮ ಗಡಿ ದಾಟಿತು. ಉಳಿಯುವುದು 134 ಸಂಖ್ಯೆಗಳು. ಕೊನೆಯದ್ದು 757. ಮೊದಲ ಆರನ್ನು ಆಗಲೇ ಪರೀಕ್ಷಿಸಿ ಆಗಿದೆ. ಇನ್ನು 128.

ಕೈಯಲ್ಲಿ ಮಾಡುವವರಿಗೆ ಒಂದು ಉಪಾಯ. ನಮಗೆ ಭಾಗಲಬ್ಧ ಬೇಡ, ಭಾಗವಾಗುತ್ತದೋ ಇಲ್ಲವೋ ಎಂಬುದಷ್ಟೇ ಬೇಕು. ಹಾಗಾಗಿ ಭಾಜಕದ ಗುಣಕವನ್ನು ಕೂಡಿಸಿಯೋ ಕಳೆದೋ ಕೊನೆಗೆ ಸೊನ್ನೆ ಬರಿಸಿ, ಆ ಸೊನ್ನೆಯನ್ನು ಕಿತ್ತುಹಾಕುತ್ತಾ ಹೋಗಿ. 31ರಿಂದ ಪರೀಕ್ಷಿಸೋಣ:

576101ರಿಂದ 31 ಕಳೆದರೆ 576070. ಸೊನ್ನೆ ಕಿತ್ತರೆ 57607.
57607ಕ್ಕೆ 93 ಕೂಡಿಸಿದರೆ 57700. ಎರಡು ಸೊನ್ನೆ ಕಿತ್ತರೆ 577.
577ರಿಂದ 217 ಕಳೆದರೆ 360. ಸೊನ್ನೆ ಕಿತ್ತರೆ 36.

36 ಎಂಬುದು 31ರ ಮಗ್ಗಿಯಲ್ಲಿ ಇಲ್ಲ. ಮುಗಿಯಿತು. 2 ಮತ್ತು 5 ಬಿಟ್ಟು ಯಾವ ಅವಿಭಾಜ್ಯಕ್ಕೂ ಇದು ನಡೆಯುತ್ತದೆ, ಯಾಕೆಂದರೆ ಸೊನ್ನೆ ಕೀಳುವುದು ಅಂದರೆ 10ರಿಂದ ಭಾಗಿಸುವುದು, 10ರಲ್ಲಿ ಇರುವುದು 2 ಮತ್ತು 5 ಮಾತ್ರ. ನೆನಪಿಡಿ, ಕೊನೆಗೆ ಸಿಗುವ 36ರಿಂದ ನಿಜವಾದ ಶೇಷ ಗೊತ್ತಾಗುವುದಿಲ್ಲ. ಹೌದೋ ಅಲ್ಲವೋ ಎಂದಷ್ಟೇ ಗೊತ್ತಾಗುತ್ತದೆ.

ಕ್ಯಾಲ್ಕುಲೇಟರ್ ಬಳಸುವವರು ದಶಮಾಂಶದ ಕಡೆ ಕಣ್ಣಿಡಿ. 353ರಿಂದ ಭಾಗಿಸಿದರೆ 1632.01 ಎಂದು ಶುರುವಾಗುತ್ತದೆ. ಅವಸರದಲ್ಲಿ ಇದನ್ನು 1632 ಎಂದುಕೊಂಡು ಅಪವರ್ತನ ಸಿಕ್ಕಿತು ಎಂದು ಕುಣಿಯುವವರಿದ್ದಾರೆ. ಬಿಂದುವಿನ ನಂತರ ಏನಾದರೂ ಇದ್ದರೆ ಇಲ್ಲ ಎಂದೇ ಅರ್ಥ. ಇಲ್ಲಿ ಶೇಷ 5. ಕಂಪ್ಯೂಟರ್ ಇದ್ದರೆ ಎಕ್ಸೆಲ್‌ನಲ್ಲಿ ಅವಿಭಾಜ್ಯಗಳನ್ನು ಒಂದು ಸಾಲಿನಲ್ಲಿ ಬರೆದು ಪಕ್ಕದಲ್ಲಿ ಶೇಷ ತೆಗೆಯುವ ಸೂತ್ರ ಹಾಕಿ, ಸೊನ್ನೆ ಬರುತ್ತದೋ ನೋಡಿ.

7ರಿಂದ ಶೇಷ 1. 19ರಿಂದ 2. 89ರಿಂದ 4. ಹತ್ತಿರ ಹತ್ತಿರ ಬಂದು ತಪ್ಪಿಸಿಕೊಳ್ಳುತ್ತದೆ ಮಾರಾಯ್ರೆ. 757ಕ್ಕೆ ಬಂದಾಗ ಶೇಷ 24. ಪಟ್ಟಿ ಖಾಲಿ.

576101 ಅವಿಭಾಜ್ಯ ಸಂಖ್ಯೆ. ಉಡುಪಿಯ ಪಿನ್ ಕೋಡನ್ನು ಯಾರಿಂದಲೂ ಒಡೆಯಲಾಗದು.

ಹೆಜ್ಜೆ 5: ಅಪವರ್ತನ ಸಿಕ್ಕ ಮೇಲೆ ಉಳಿದದ್ದು ಸಲೀಸು

ಭಾಜಕಗಳು ಎಷ್ಟು ಎಂದು ತಿಳಿಯಲು ಪ್ರತಿ ಅವಿಭಾಜ್ಯದ ಘಾತಕ್ಕೆ 1 ಕೂಡಿಸಿ ಗುಣಿಸಿ. ಮಂಗಳೂರಿನಲ್ಲಿ 3 ಎರಡು ಸಲ, 7 ಒಂದು ಸಲ, 9127 ಒಂದು ಸಲ ಬಂದಿದೆ. 3 × 2 × 2 = 12. ಅವು ಇವು: 1, 3, 7, 9, 21, 63, 9127, 27381, 63889, 82143, 191667, 575001. ಮೊದಲ ಆರನ್ನು 9127ರಿಂದ ಗುಣಿಸಿದರೆ ಉಳಿದ ಆರು ಬರುತ್ತವೆ. ಕೊಡಿಯಾಲ್‌ಬೈಲಿಗೆ 8, ಉಡುಪಿಗೆ 2, ಸುರತ್ಕಲ್‌ಗೆ 48!

ಸಂಖ್ಯೆಯನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿಸಿದಾಗ ಅದೇ ಸಂಖ್ಯೆ ಬಂದರೆ ಅದನ್ನು ಪರಿಪೂರ್ಣ ಸಂಖ್ಯೆ ಎನ್ನುತ್ತಾರೆ. 6, 28, 496, 8128 ಅಂಥವು. ಮಂಗಳೂರಿಗೆ ಬರುವ ಮೊತ್ತ 374311, ತುಂಬ ಕಡಿಮೆ. 48 ಭಾಜಕಗಳ ಸುರತ್ಕಲ್ ಆದರೂ ಮುಟ್ಟಬಹುದು ಅಂದುಕೊಂಡರೆ, ಅದರ ಮೊತ್ತ 549903. 25122 ಕಮ್ಮಿ ಬಿತ್ತು. ಸಮ ಸಂಖ್ಯೆಗಳಿಗೆ ಇದು ಸುಲಭ, ಬೆಸ ಸಂಖ್ಯೆಗಳಿಗೆ ಕಷ್ಟ. ಮೊತ್ತ ತನ್ನನ್ನು ಮೀರುವ ಮೊದಲ ಬೆಸ ಸಂಖ್ಯೆ 945. ಬೆಸ ಪರಿಪೂರ್ಣ ಸಂಖ್ಯೆಯೊಂದು ಇದ್ದೀತೇ ಎಂಬ ಪ್ರಶ್ನೆಗೆ ಗಣಿತದಲ್ಲಿ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಹೆಜ್ಜೆ 6: ಎರಡು ವರ್ಗಗಳ ಮೊತ್ತ

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. 4ರಿಂದ ಭಾಗಿಸಿದಾಗ ಶೇಷ 1 ಉಳಿಸುವ ಪ್ರತಿಯೊಂದು ಅವಿಭಾಜ್ಯ ಸಂಖ್ಯೆಯನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. 17ನೇ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಇದನ್ನು ಹೇಳಿದ. ಅದಕ್ಕೆ ಪುರಾವೆ ಕೊಟ್ಟದ್ದು ನೂರು ವರ್ಷದ ನಂತರ ಇನ್ನೊಬ್ಬ ಗಣಿತಜ್ಞ ಆಯ್ಲರ್. 1ನೇ ಹೆಜ್ಜೆಯಲ್ಲಿ ಬರೆದಿಟ್ಟ ಶೇಷ ಈಗ ಕೆಲಸಕ್ಕೆ ಬಂತು. ಉಡುಪಿಯ ಶೇಷ 1. ಹಾಗಾದರೆ ಆ ಎರಡು ವರ್ಗಗಳು ಇರಲೇಬೇಕು. ಯಾವುವು?

759ರಿಂದ ಕೆಳಗಿಳಿಯೋಣ. 576101ರಿಂದ 759ರ ವರ್ಗ ಕಳೆದರೆ ಉಳಿಯುವುದು 20. ಇದು ವರ್ಗವಲ್ಲ. 758ಕ್ಕೆ ಇಳಿದರೆ ಎಷ್ಟು ಉಳಿಯುತ್ತದೆ? ಮತ್ತೆ ಗುಣಿಸಬೇಕಾಗಿಲ್ಲ. 759 + 758 = 1517, ಅದನ್ನು 20ಕ್ಕೆ ಕೂಡಿಸಿದರೆ ಆಯಿತು. ಮುಂದೆ 1515, ಆಮೇಲೆ 1513, ಹೀಗೆ ಎರಡೆರಡು ಕಡಿಮೆ ಮಾಡುತ್ತಾ ಕೂಡಿಸುತ್ತಾ ಹೋಗಿ:

758: 20 + 1517 = 1537
757: 1537 + 1515 = 3052
756: 3052 + 1513 = 4565
755: 4565 + 1511 = 6076
754: 6076 + 1509 = 7585
753: 7585 + 1507 = 9092
752: 9092 + 1505 = 10597
751: 10597 + 1503 = 12100

ಪ್ರತಿ ಸಾಲಿನಲ್ಲಿ ನಿಂತು ಇದು ವರ್ಗವೇ ಎಂದು ಕೇಳಿ. 2, 3, 7, 8ರಲ್ಲಿ ಕೊನೆಗೊಳ್ಳುವುದು ಯಾವತ್ತೂ ವರ್ಗವಾಗದು, ಹಾಗಾಗಿ 1537, 3052, 9092, 10597 ನೋಡಿದ ಕೂಡಲೇ ಹೋದವು. 5ರಲ್ಲಿ ಮುಗಿಯುವ ವರ್ಗದ ಕೊನೆಗೆ 25 ಇರಲೇಬೇಕು, ಹಾಗಾಗಿ 4565, 7585 ಕೂಡ ಹೋದವು. 6076 ಸ್ವಲ್ಪ ಸತಾಯಿಸುತ್ತದೆ, 78ರ ವರ್ಗ 6084. ಕೊನೆಯ ಸಾಲಿನ 12100 ಏನು? 110ರ ವರ್ಗ!

576101 = 751 × 751 + 110 × 110.

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಉಡುಪಿಯ ಎಕ್ಸ್‌ಪ್ರೆಸ್ ಬಸ್ ಹತ್ತಿ ಲೆಕ್ಕ ಶುರು ಮಾಡಿದರೆ ಮುಲ್ಕಿ ಬರುವ ಮೊದಲೇ ಮುಗಿಯುತ್ತದೆ. ಎಲ್ಲ ಸಂಖ್ಯೆಗಳೂ ಇಷ್ಟು ಬೇಗ ಸಿಗುವುದಿಲ್ಲ. ಉಡುಪಿಯದ್ದು ಅದೃಷ್ಟ.

ಮಂಗಳೂರಿನ ಶೇಷವೂ 1 ಅಲ್ವಾ, ಅದಕ್ಕೂ ಆಗುತ್ತದೆಯೇ? ಇಲ್ಲ. ಭಾಜ್ಯ ಸಂಖ್ಯೆಗಳಿಗೆ ನಿಯಮ ಬೇರೆ. 4ರಿಂದ ಭಾಗಿಸಿದಾಗ ಶೇಷ 3 ಉಳಿಸುವ ಅವಿಭಾಜ್ಯಗಳು ಅದರೊಳಗೆ ಜೋಡಿ ಜೋಡಿಯಾಗಿ ಇರಬೇಕು. 575001ರಲ್ಲಿ 3 ಜೋಡಿಯಾಗಿದೆ, ಆದರೆ 7 ಒಂಟಿ. 9127 ಕೂಡ ಒಂಟಿ. ಸುರತ್ಕಲ್‌ನಲ್ಲಿ 3 ಮತ್ತು 11 ಒಂಟಿ. ಕೊಡಿಯಾಲ್‌ಬೈಲಿನ ಶೇಷವೇ 3, ಅದನ್ನು ಕೇಳುವ ಹಾಗೂ ಇಲ್ಲ. ನಾಲ್ಕರಲ್ಲಿ ಈ ಗುಣ ಇರುವುದು ಉಡುಪಿಗೆ ಮಾತ್ರ.

ಇದರಿಂದ ಒಂದು ಲಂಬಕೋನ ತ್ರಿಭುಜವೂ ಸಿಗುತ್ತದೆ. ಎರಡು ವರ್ಗಗಳ ವ್ಯತ್ಯಾಸ 551901 ಒಂದು ಬಾಹು, 2 × 751 × 110 = 165220 ಇನ್ನೊಂದು ಬಾಹು, ವಿಕರ್ಣ 576101. ಪೈಥಾಗೊರಸ್ ಪ್ರಮೇಯಕ್ಕೆ ಹಾಕಿ ನೋಡಿ, ಸರಿಯಾಗಿ ಕೂರುತ್ತದೆ.

ಹೆಜ್ಜೆ 7: ಕಾಪ್ರೇಕರ್ ಆಟ

ಇಲ್ಲಿಯವರೆಗಿನದ್ದು ಸಂಖ್ಯೆಯ ಒಳಗಿನ ಗುಣ. ಇದು ಅದನ್ನು ಬರೆದ ಅಂಕಿಗಳ ಗುಣ. ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್ (1905–1986) ಕಂಡುಹಿಡಿದದ್ದು. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆಯಿರಿ, ಏರಿಕೆಯ ಕ್ರಮದಲ್ಲಿ ಬರೆಯಿರಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಬಂದದ್ದಕ್ಕೆ ಮತ್ತೆ ಅದನ್ನೇ ಮಾಡಿ. ನಾಲ್ಕು ಅಂಕಿಗಳಲ್ಲಿ, ಎಲ್ಲ ಅಂಕಿಯೂ ಒಂದೇ ಆಗಿರದಿದ್ದರೆ, ಕೊನೆಗೆ ಬಂದು ನಿಲ್ಲುವುದು 6174ರಲ್ಲಿ. ಆರು ಅಂಕಿಗಳಲ್ಲಿ ಕತೆ ಬೇರೆ.

ಮಂಗಳೂರು: 755100 − 001557 = 753543
ಉಡುಪಿ: 765110 − 011567 = 753543

ಮೊದಲ ಹೆಜ್ಜೆಗೇ ಎರಡೂ ಒಂದಾಗಿಬಿಟ್ಟವು! ಕಾಕತಾಳೀಯ ಹೌದು, ಆದರೆ ಕಾರಣ ಹೇಳಬಹುದು. ಉತ್ತರವನ್ನು ತೀರ್ಮಾನಿಸುವುದು ಅಂಕಿಗಳಲ್ಲ, ಅಂಕಿಗಳ ನಡುವಿನ ಅಂತರ. ಇಳಿಕೆಯ ಕ್ರಮದಲ್ಲಿ ಮೊದಲನೆಯದು ಮತ್ತು ಕೊನೆಯದು, ಎರಡನೆಯದು ಮತ್ತು ಐದನೆಯದು, ಮಧ್ಯದ ಎರಡು, ಹೀಗೆ ಮೂರು ಅಂತರ. 755100ರಲ್ಲಿ ಅವು 7, 5, 4. 765110ರಲ್ಲೂ 7, 5, 4.

ಅಲ್ಲಿಂದ ಮುಂದೆ ಎರಡಕ್ಕೂ ದಾರಿ ಒಂದೇ: 753543ರಿಂದ 420876, 851742, 750843, 840852, 860832, 862632, 642654, ಮತ್ತೆ 420876. ಏಳು ಸಂಖ್ಯೆಗಳ ಸುತ್ತು, ಹೊರಬರುವ ದಾರಿ ಇಲ್ಲ. ಸೊನ್ನೆಗಳನ್ನು ಬಿಡಬೇಡಿ ಎನ್ನುವುದೊಂದೇ ಇಲ್ಲಿ ಎಚ್ಚರಿಕೆ. 011567ರ ಮೊದಲ ಸೊನ್ನೆಯನ್ನು ಕೊನೆಗೆ ತಳ್ಳಿ 115670 ಮಾಡಿದರೆ ಎಲ್ಲ ಕೆಟ್ಟಿತು.

ಆರು ಅಂಕಿ ದಾಟಿದರೆ

ಎರಡೂ ಪಿನ್ ಕೋಡ್‌ಗಳನ್ನು ಒತ್ತಟ್ಟಿಗೆ ಬರೆಯಿರಿ: 575001576101. ಮೊದಲ ಮೂರು ಹೆಜ್ಜೆ ಇದಕ್ಕೂ ಅಷ್ಟೇ ಸುಲಭ. ಅಂಕಿಗಳ ಮೊತ್ತ 38, ಹಾಗಾಗಿ 3 ಇಲ್ಲ. ಮೂರು ಮೂರು ಅಂಕಿಯ ತುಂಡುಗಳನ್ನು ಬಲದಿಂದ ಒಂದು ಕೂಡಿಸಿ ಒಂದು ಕಳೆಯುತ್ತಾ ಹೋದರೆ 101 − 576 + 1 − 575 = −1049, ಹಾಗಾಗಿ 7, 11, 13 ಇಲ್ಲ. ನಾಲ್ಕನೆಯ ಹೆಜ್ಜೆಗೆ ಮಾತ್ರ ಕೈ ಸೋಲುತ್ತದೆ. ಗಡಿ ಏಳೂವರೆ ಲಕ್ಷ ದಾಟುತ್ತದೆ. ಅಲ್ಲಿಯವರೆಗೆ ಸುಮಾರು 60 ಸಾವಿರ ಅವಿಭಾಜ್ಯಗಳಿವೆ. ಕಂಪ್ಯೂಟರಿಗೆ ಇದು ಕಣ್ಣು ಮಿಟುಕಿಸುವ ಕೆಲಸ, ಆದರೆ ನೂರಾರು ಅಂಕಿ ಇದ್ದರೆ ಕಂಪ್ಯೂಟರೂ ಹೀಗೆ ಭಾಗಿಸುತ್ತಾ ಕೂರಲಾರದು. ಅಂಥ ಕಡೆ ಅಪವರ್ತನ ಹುಡುಕದೆಯೇ ಅವಿಭಾಜ್ಯವೋ ಅಲ್ಲವೋ ಎಂದು ಹೇಳುವ ಪರೀಕ್ಷೆಗಳು ಬೇಕು. ಯಾವ ಸಂಖ್ಯೆಗೂ ಖಚಿತ ಉತ್ತರ ಕೊಡುವ, ಅಂಕಿ ಹೆಚ್ಚಿದರೂ ಸಮಯ ಕೈಮೀರದ ವಿಧಾನವನ್ನು 2002ರಲ್ಲಿ ಕೊಟ್ಟವರು ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ.

ಅಭ್ಯಾಸಕ್ಕೆ ಮಣಿಪಾಲದ 576104 ತೆಗೆದುಕೊಳ್ಳಿ. ಮೊದಲು 2ರಿಂದ ಎಷ್ಟು ಸಲ ಭಾಗವಾಗುತ್ತದೋ ಅಷ್ಟು ಸಲ ಭಾಗಿಸಿ, ಉಳಿದದ್ದನ್ನು ಮೂರು ಅಂಕಿಯ ಪರೀಕ್ಷೆಗೆ ಹಾಕಿ. ಅಲ್ಲಿ ಏನೂ ಸಿಗದು, ಗಾಬರಿಯಾಗಬೇಡಿ. 17ರಿಂದ ಶೇಷ 1, 19ರಿಂದ ಶೇಷ 3 ಬಂದರೆ ದಾರಿ ಸರಿ ಇದೆ. ಅತಿ ದೊಡ್ಡ ಅವಿಭಾಜ್ಯ ಅಪವರ್ತನ 101, ಒಟ್ಟು ಭಾಜಕಗಳು 32 ಬರಬೇಕು. ಎರಡು ವರ್ಗಗಳ ಮೊತ್ತವಾಗಿ ಬರೆಯಲು ಆಗದು. ಒಂಟಿಯಾಗಿ ಉಳಿದು ಅಡ್ಡ ಬರುವ ಅವಿಭಾಜ್ಯಗಳು ಅದರಲ್ಲಿ ಎರಡಿವೆ, ಅವು ಯಾವುವೆಂದು ನೀವೇ ಹುಡುಕಿ.